ಮೂರೇ ಜನರ ಬ್ಯಾಂಡ್: ಯಾವ ಆಲ್ಬಮ್ ಕೇಳಿ ಕಲಿಯೋಣ?

ಪ್ರಶ್ನೆ: ನಮ್ಮದು ಗಿಟಾರ್, ಬೇಸ್, ಡ್ರಮ್ಸ್ ಅಷ್ಟೇ. ಗಿಟಾರಿನವನು ಸೋಲೋಗೆ ಹೋದ ಕೂಡಲೇ ಹಿಂದೆಲ್ಲ ಖಾಲಿ ಖಾಲಿ. ಕ್ರೀಮ್, ಹೆಂಡ್ರಿಕ್ಸ್ ಥರದ ಮೂವರ ಬ್ಯಾಂಡ್‌ಗಳನ್ನು ಕೇಳಿದ್ದಾಯಿತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ ಹಾರ್ಡ್ ರಾಕ್ ಆಲ್ಬಮ್ ಇದ್ದರೆ ಹೇಳ್ತೀರಾ?

ಉತ್ತರ 1: ಬಡ್ಜಿ ಅನ್ನೋ ಬ್ಯಾಂಡ್ ಕೇಳಿ. ವೇಲ್ಸ್‌ನ ಕಾರ್ಡಿಫ್‌ನವರು. ಬರ್ಕ್ ಶೆಲ್ಲಿ ಬೇಸ್ ನುಡಿಸುತ್ತಲೇ ಹಾಡುತ್ತಿದ್ದ. ಟೋನಿ ಬೋರ್ಜ್ ಗಿಟಾರ್, ರೇ ಫಿಲಿಪ್ಸ್ ಡ್ರಮ್ಸ್. ಅವರ ಮೂರನೇ ಆಲ್ಬಮ್ ‘ನೆವರ್ ಟರ್ನ್ ಯುವರ್ ಬ್ಯಾಕ್ ಆನ್ ಎ ಫ್ರೆಂಡ್’, 1973ರದ್ದು. ಮೊದಲ ಹಾಡು ‘ಬ್ರೆಡ್‌ಫ್ಯಾನ್’. ಮೆಟಾಲಿಕಾ ಬ್ಯಾಂಡ್ ಅದನ್ನು 1988ರಲ್ಲಿ ಮತ್ತೆ ನುಡಿಸಿತು. ನಾನಂತೂ ಎಷ್ಟೋ ವರ್ಷ ಅದು ಮೆಟಾಲಿಕಾದ್ದೇ ಅಂದುಕೊಂಡಿದ್ದೆ. ಹೊದಿಕೆಯ ಚಿತ್ರ ರೋಜರ್ ಡೀನ್ ಅವರದ್ದು, ಯೆಸ್ ಬ್ಯಾಂಡಿನ ಆಲ್ಬಮ್‌ಗಳಿಗೆ ಬರೆದವರೇ.

ಉತ್ತರ 2: ನಾನು ಬೇಸ್ ನುಡಿಸುವವನು. ನಾವೂ ‘ಬ್ರೆಡ್‌ಫ್ಯಾನ್’ಗೆ ಕೈ ಹಾಕಿ ಎರಡು ತಿಂಗಳು ಒದ್ದಾಡಿದೆವು. ನನ್ನ ತಪ್ಪು ಏನಿತ್ತು ಅಂದರೆ, ಆಂಪ್‌ನಲ್ಲಿ (ಸದ್ದು ಹೆಚ್ಚಿಸುವ ಪೆಟ್ಟಿಗೆ) ತಗ್ಗು ಸ್ವರದ ‘ಬೇಸ್’ ಗುಂಡಿ ಪೂರ್ತಿ ಏರಿಸಿ, ನಡುಸ್ವರದ ‘ಮಿಡ್’ ಇಳಿಸಿಬಿಟ್ಟಿದ್ದೆ. ಒಬ್ಬನೇ ನುಡಿಸಿದಾಗ ಗುಂ ಅಂತ ಚೆನ್ನಾಗಿಯೇ ಕೇಳುತ್ತಿತ್ತು. ಗಿಟಾರ್ ಸೇರಿದ ಕೂಡಲೇ ನಾನು ಕಾಣೆ! ಮಿಡ್ ಏರಿಸಿದೆ, ಬೆರಳು ಬಿಟ್ಟು ತಂತಿ ಮೀಟುವ ಪಿಕ್ ಹಿಡಿದೆ. ಗಿಟಾರಿನವನನ್ನು ಕಾಡಿಬೇಡಿ ಗೇನ್ (ಸದ್ದನ್ನು ಒರಟಾಗಿಸುವ ಗುಂಡಿ) ಇಳಿಸಿಸಿದೆ. ಖಾಲಿ ಜಾಗ ಆಗಲೇ ತುಂಬಿದ್ದು. ಹಾಡಿನ ನಡುವೆ ವೇಗವೆಲ್ಲ ಇಳಿದು ತಣ್ಣಗಾಗುತ್ತದಲ್ಲ, ಅಲ್ಲಿ ನಮ್ಮ ಡ್ರಮ್ಮರ್‌ಗೆ ಸುಮ್ನೆ ಕೂರೋಕೇ ಆಗುತ್ತಿರಲಿಲ್ಲ. ಟಿಕ್ ಟಿಕ್ ಅಂತ ಏನಾದರೂ ಬಡಿಯುತ್ತಿದ್ದ. ಕೊನೆಗೆ ಕೋಲುಗಳನ್ನು ಕಸಿದುಕೊಂಡೆ. ಅಲ್ಲಿ ಸದ್ದು ಇಳಿದರೇನೇ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ವಾಪಸ್ ಬಂದಾಗ ಎದೆಗೆ ಬಡಿಯುವುದು.

ಉತ್ತರ 3: ಮಾರಾಯ್ರೇ, ಹೊಸಬರು ‘ಬ್ರೆಡ್‌ಫ್ಯಾನ್’ನಿಂದ ಶುರು ಮಾಡಿದರೆ ಮುಂಗೈ ಹಿಡಿದುಕೊಳ್ಳುತ್ತದೆ. ಕೊನೆಯ ಹಾಡು ‘ಪೇರೆಂಟ್ಸ್’ ಹಿಡಿಯಿರಿ. ಹತ್ತು ನಿಮಿಷ ಇದೆ, ಆದರೆ ನಿಧಾನ. ಮೂವರೂ ಒಬ್ಬರಿಗೊಬ್ಬರು ಕಿವಿ ಕೊಡದಿದ್ದರೆ ಅದು ಕೂಡಿಬರುವುದೇ ಇಲ್ಲ. ನನಗೆ ಈ ಆಲ್ಬಮ್‌ನಲ್ಲಿ ಎಲ್ಲಕ್ಕಿಂತ ಇಷ್ಟ ಅದೇ. ಹಾಲಿನ ಪುಡಿಯ ಹೆಸರಿಟ್ಟ ಹಾಡೊಂದಿದೆ, ಡ್ರಮ್ ಸೋಲೋದಿಂದಲೇ ಶುರು. ನಾನು ಪ್ರತಿ ಸಲ ಅದನ್ನು ಮುಂದಕ್ಕೆ ಓಡಿಸುತ್ತೇನೆ. ಡ್ರಮ್ಮರ್‌ಗಳು ಬೈಯಬೇಡಿ.

ಉತ್ತರ 4: ಸ್ಟುಡಿಯೋದಲ್ಲಿ ಒಂದರ ಮೇಲೊಂದು ಗಿಟಾರ್ ಹಾಕಬಹುದು, ಅದನ್ನು ಮರೆಯಬೇಡಿ. ಲೈವ್ ರೆಕಾರ್ಡಿಂಗ್ ಕೂಡ ಕೇಳಿ. ಮೂವರ ನಿಜವಾದ ಲೆಕ್ಕ ಅಲ್ಲೇ ಸಿಗುವುದು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಗೇನ್ ಅರ್ಧಕ್ಕೆ ಇಳಿಸಿ ‘ಪೇರೆಂಟ್ಸ್’ ನುಡಿಸಿದೆವು. ಬೇಸ್ ಸ್ಪಷ್ಟವಾಗಿ ಕೇಳಿಸಿತು. ಗಿಟಾರಿನವನ ತಪ್ಪುಗಳೂ ಕೇಳಿಸಿದವು. ಅವನು ಇನ್ನೂ ಮಾತಾಡುತ್ತಿಲ್ಲ.