ಏರಿನಲ್ಲಿ ನಿಲ್ಲುವ ಹಳೇ ಎಂಜಿಬಿ

ಪ್ರಶ್ನೆ: 1965ರ ಎಂಜಿಬಿ, ಅಂದರೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಈಗಷ್ಟೇ ತಗೊಂಡೆ. ಚಿಕ್ಕಮಗಳೂರು ಪೇಟೆಯಲ್ಲಿ ಸರಿ ಓಡುತ್ತೆ. ಮುಳ್ಳಯ್ಯನಗಿರಿ ಏರಿನಲ್ಲಿ ಬಿಸಿಯಾದರೆ ನಿಂತುಬಿಡುತ್ತೆ, ಆರಿದ ಮೇಲೆ ಸ್ಟಾರ್ಟ್ ಆಗುತ್ತೆ. ಕಾರ್ಬ್ಯುರೇಟರ್ ಬಿಚ್ಚಿಸಲೇ?

ಉತ್ತರ 1: ಈಗಲೇ ಬೇಡ ಸಾರ್. ನಿಂತ ಕೂಡಲೇ ಒಂದು ಪ್ಲಗ್ ಬಿಚ್ಚಿ, ವೈರ್ ಸಿಕ್ಕಿಸಿ, ಬ್ಲಾಕಿಗೆ ತಾಗಿಸಿ ಸೆಲ್ಫ್ ಹೊಡೆಸಿ. ಹತ್ತಿರ ಪೆಟ್ರೋಲ್ ಸೋರಿರಬಾರದು. ಕಿಡಿ ಇಲ್ಲ, ಇಲ್ಲವೇ ಮಂಕಾಗಿದೆ ಅಂದರೆ ಮೊದಲ ಅನುಮಾನ ಕಂಡೆನ್ಸರ್ (ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಜೊತೆ ಇರುವ ಪುಟ್ಟ ಡಬ್ಬಿ) ಮೇಲೆ. ಬಿಸಿಗೆ ಕೈಕೊಡೋದು ಅದರ ಚಾಳಿ. ಬದಲಿಸುವಾಗಲೇ ಪಾಯಿಂಟ್ ಗ್ಯಾಪ್ (ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಪಾಯಿಂಟ್‌ಗಳ ನಡುವಿನ ಸಂದು) 0.35ರಿಂದ 0.40 ಮಿ.ಮೀ. ಇಡಿ.

ಉತ್ತರ 2: ಕಿಡಿ ಚೆನ್ನಾಗಿದ್ದರೆ ಗಾಡಿಯ ಹಿಂದಿರುವ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪ್ ಸದ್ದು ಕೇಳಿಸಿಕೊಳ್ಳಿ. ಕೀ ತಿರುಗಿಸಿದಾಗ ಟಿಕ್ ಟಿಕ್ ಅಂದು ನಿಲ್ಲಬೇಕು. ಬಡೀತಾನೇ ಇದ್ದರೆ ಎಲ್ಲೋ ಗಾಳಿ ಎಳೀತಿರಬಹುದು. ಎಥನಾಲ್ ಪೆಟ್ರೋಲ್‌ಗೆ ಹಳೇ ರಬ್ಬರ್ ಹೋಸ್ ತಾಳಲ್ಲ, ಎಲ್ಲಾ ಬದಲಿಸಿ.

ಉತ್ತರ 3: ಆ ವರ್ಷದ ಗಾಡಿ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪ್ಲಸ್ ಟರ್ಮಿನಲ್ ಬಾಡಿಗೆ ಹೋಗಿರುತ್ತೆ. ಹಿಂದಿನವರು ಬದಲಿಸಿರಲೂಬಹುದು, ಬ್ಯಾಟರಿ ಮುಟ್ಟುವ ಮೊದಲು ಬಾಡಿಗೆ ಯಾವ ಟರ್ಮಿನಲ್ ಹೋಗಿದೆ ನೋಡಿಕೊಳ್ಳಿ.