ಹುಲಿಕಲ್ ಘಾಟಿಯಲ್ಲಿ ಕುದಿಯುವ ಬೆಂಜ್ ಲಾರಿ: ಏನು ಬದಲಿಸಬೇಕು?

ಸಾಗರದ ನಾಟಾ ಲಾರಿ:
1965ರ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಯೊಂದನ್ನು ಚಾಸಿಯಿಂದಲೇ ಕಟ್ಟಿಸುತ್ತಿದ್ದೇನೆ. ಒಂದು ಕಾಲದಲ್ಲಿ ಡಿಪೋಗಳಿಗೆ ನಾಟಾ (ಮರದ ದಿಮ್ಮಿ) ಹೊತ್ತ ಗಾಡಿ. ಮೂಲ ಓಎಂ 312 ಎಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಿತ್ತು, ಆ ಜಾಗಕ್ಕೆ ಟರ್ಬೊ (ಸಿಲಿಂಡರಿಗೆ ಹೆಚ್ಚು ಗಾಳಿ ತುರುಕುವ ಸಾಧನ) ಹಾಕಿದ ಟಾಟಾ 697 ಎಂಜಿನ್ ಇಳಿಸಿದ್ದೇನೆ. ಹಳೆಯ ತಾಮ್ರದ ರೇಡಿಯೇಟರನ್ನೇ ಉಳಿಸಿಕೊಂಡು ನಾಲ್ಕು ಸಾಲು ಟ್ಯೂಬುಗಳ ಹೊಸ ಕೋರ್ (ನೀರು ಹರಿದು ತಣಿಯುವ ಭಾಗ) ಕೂರಿಸಿದ್ದಾಗಿದೆ. ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಜಾಗ ಬೇಕಾಗಿ ರೇಡಿಯೇಟರ್ ಹಿಂದಕ್ಕೆ ಸರಿದದ್ದರಿಂದ ಎಂಜಿನ್ ಫ್ಯಾನ್ ತೆಗೆದು ಎರಡು ಎಲೆಕ್ಟ್ರಿಕ್ ಫ್ಯಾನ್ ಕಟ್ಟಿದ್ದೇನೆ. ಶಿವಮೊಗ್ಗ ರಸ್ತೆಯಲ್ಲಿ ಯಾವ ತಕರಾರೂ ಇಲ್ಲ. ಹೊಸಂಗಡಿಯಿಂದ ಹುಲಿಕಲ್ಲಿಗೆ ಎರಡನೇ ಗೇರಿನಲ್ಲಿ ಹತ್ತುವಾಗ ಮಾತ್ರ ನೀರಿನ ಬಿಸಿ ತೋರಿಸುವ ಮುಳ್ಳು ಕೆಂಪು ಮುಟ್ಟುತ್ತದೆ. ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಲೇ?

ಘಾಟಿ ಚಾಲಕ:
ರೇಡಿಯೇಟರಿಗೆ ದುಡ್ಡು ಸುರಿಯಬೇಡಿ. ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ಮುಗಿಯಿತು. ನಮ್ಮ ಕಡೆ ನಾಟಾ ಲಾರಿಗಳಲ್ಲಿ ಅದನ್ನು ಇಟ್ಟುಕೊಂಡವರನ್ನು ನಾನು ನೋಡಿಲ್ಲ. ನೀರಿಗೆ ತಡೆಯಿಲ್ಲದಿದ್ದರೆ ಎಂಜಿನ್ ತಣ್ಣಗಿರುತ್ತದೆ.

ಭದ್ರಾವತಿ ಫಿಟ್ಟರ್:
‘ಕಿತ್ತು ಬಿಸಾಡಿ’ ಎನ್ನುವ ಈ ಸಲಹೆಯೇ ಎಷ್ಟೋ ಎಂಜಿನ್‌ಗಳನ್ನು ಹಾಳು ಮಾಡಿದೆ. ಆ ಎಂಜಿನ್ನಿನ ಥರ್ಮೋಸ್ಟಾಟ್ ಮಾಡುವುದು ಎರಡು ಕೆಲಸ. ಬಿಸಿಯಾದಂತೆ ರೇಡಿಯೇಟರಿನ ದಾರಿ ತೆರೆಯುತ್ತದೆ, ಜೊತೆಗೇ ಬೈಪಾಸ್ ದಾರಿ ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಕಾಣದೆಯೇ ಪಂಪಿಗೆ ಮರಳುತ್ತದೆ. ಘಾಟಿಯಲ್ಲಿ ಬಿಸಿ ಇಳಿಯುವುದಿಲ್ಲ, ಏರುತ್ತದೆ.

ಘಾಟಿ ಚಾಲಕ:
ಬೈಪಾಸಿಗೆ ಒಂದು ಬೆಣೆ ಹೊಡೆದರೆ ಆಯಿತಲ್ಲ ಮಾರಾಯರೇ. ಅದನ್ನೂ ನಾವು ಮಾಡಿದ್ದೇವೆ.

ಭದ್ರಾವತಿ ಫಿಟ್ಟರ್:
ಬೆಣೆ ಹೊಡೆದ ಎಂಜಿನ್ ಆಗುಂಬೆ ಕಡೆಯ ಜುಲೈ ಬೆಳಗಿನಲ್ಲಿ ಬಿಸಿಯೇ ಆಗುವುದಿಲ್ಲ. ತಣ್ಣಗಿನ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಗೋಡೆಯ ಮೇಲಿನ ಎಣ್ಣೆಯನ್ನು ತೊಳೆದು ಕೆಳಗಿನ ಎಣ್ಣೆ ತೊಟ್ಟಿಗೆ ಇಳಿಯುತ್ತದೆ. ಬೋರ್ (ಸಿಲಿಂಡರಿನ ಒಳಗೋಡೆ) ಸವೆಯುತ್ತದೆ, ಪಿಸ್ಟನ್ ರಿಂಗ್ ಹೋಗುತ್ತದೆ. ಆಗ ಎಂಜಿನ್ ಎಣ್ಣೆ ಕುಡಿಯುತ್ತಿದೆ ಎಂದು ಗ್ಯಾರೇಜಿಗೆ ಬರುವವರು ನೀವೇ.

ತೀರ್ಥಹಳ್ಳಿ ಮೆಕ್ಯಾನಿಕಲ್:
ಇಬ್ಬರೂ ‘ಎರಡು ಎಲೆಕ್ಟ್ರಿಕ್ ಫ್ಯಾನ್’ ಎಂಬ ಮಾತನ್ನು ದಾಟಿ ಹೋಗಿದ್ದೀರಿ. ತಪ್ಪಿರುವುದು ಅಲ್ಲಿಯೇ. ಡೀಸೆಲ್‌ನಲ್ಲಿರುವ ಶಕ್ತಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ನೀರಿಗೆ ಹೋಗುತ್ತದೆ. ಘಾಟಿಯಲ್ಲಿ ಗಾಡಿಯ ವೇಗದಿಂದ ಬರುವ ಗಾಳಿ ಇಲ್ಲವೆನ್ನುವಷ್ಟು ಕಡಿಮೆ, ಎಲ್ಲವನ್ನೂ ಫ್ಯಾನೇ ಎಳೆಯಬೇಕು. ತಲಾ 200 ವಾಟಿನ ಎರಡು ಫ್ಯಾನ್ ಸೇರಿದರೂ ಒಂದು ಅಶ್ವಶಕ್ತಿಯಾಗುವುದಿಲ್ಲ. ಲಾರಿಯ ಎಂಜಿನ್ ಫ್ಯಾನ್ ಹಲವು ಅಶ್ವಶಕ್ತಿ ತಿನ್ನುವುದು ಸುಮ್ಮನೆ ಅಲ್ಲ. ಅದರ ಮೇಲೆ ಮುಂದೆ ಇಂಟರ್‌ಕೂಲರ್, ಹಿಂದೆ ನಾಲ್ಕು ಸಾಲಿನ ದಪ್ಪ ಕೋರ್. ಇವೆರಡನ್ನೂ ದಾಟಿ ಗಾಳಿ ಎಳೆಯುವ ತಾಕತ್ತು ಆ ಪುಟ್ಟ ಫ್ಯಾನ್‌ಗಳಿಗಿಲ್ಲ. ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಮುಂಭಾಗಕ್ಕೆ ದಿನಪತ್ರಿಕೆಯ ಒಂದು ಹಾಳೆ ಹಿಡಿಯಿರಿ. ಮೂಲೆಮೂಲೆಗೂ ಅಂಟಿ ನಿಲ್ಲಬೇಕು. ನಡುವೆ ಮಾತ್ರ ಅಂಟಿ ಅಂಚುಗಳು ಪಟಪಟಿಸಿದರೆ ಶ್ರೌಡ್ (ಇಡೀ ಕೋರಿನಿಂದ ಗಾಳಿ ಎಳೆಯುವಂತೆ ಫ್ಯಾನಿನ ಸುತ್ತ ಕಟ್ಟುವ ತಗಡಿನ ಕವಚ) ಇಲ್ಲವೆಂದೇ ಅರ್ಥ.

ಸಾಗರದ ನಾಟಾ ಲಾರಿ:
ಕೋರ್ ದಪ್ಪವಾದಷ್ಟೂ ಒಳ್ಳೆಯದೆಂದು ಕೋರ್ ಕಟ್ಟಿದವರೇ ಹೇಳಿದ್ದರು. ಇನ್ನೊಂದು ಮಾತು: ಹಳೆಯ 312 ಪ್ರೀ-ಚೇಂಬರ್ ಎಂಜಿನ್ (ಡೀಸೆಲ್ ಮೊದಲು ಪುಟ್ಟ ಕೋಣೆಯೊಂದರಲ್ಲಿ ಹೊತ್ತಿಕೊಳ್ಳುತ್ತದೆ), 697 ನೇರ ಇಂಜೆಕ್ಷನ್ನಿನದು (ಡೀಸೆಲ್ ನೇರವಾಗಿ ಸಿಲಿಂಡರಿಗೇ ಬೀಳುತ್ತದೆ). ಪ್ರೀ-ಚೇಂಬರ್ ಎಂಜಿನ್ ನೀರಿಗೆ ಹೆಚ್ಚು ಶಾಖ ಬಿಡುತ್ತದೆ. ಹಾಗಿರುವಾಗ ನನ್ನ ಎಂಜಿನ್‌ಗೆ ಹಳೆಯದಕ್ಕಿಂತ ದೊಡ್ಡ ಫ್ಯಾನ್ ಏಕೆ ಬೇಕು?

ತೀರ್ಥಹಳ್ಳಿ ಮೆಕ್ಯಾನಿಕಲ್:
ಅಶ್ವಶಕ್ತಿಯೊಂದಕ್ಕೆ ಕಡಿಮೆ, ನಿಜ. ಆದರೆ 4.6 ಲೀಟರಿನ ಎಂಜಿನ್ನಿನಿಂದ 5.7 ಲೀಟರಿನದಕ್ಕೆ ಹೋಗಿ ಅದರ ಮೇಲೆ ಟರ್ಬೊ ಕೂರಿಸಿದ್ದೀರಿ. ಒಟ್ಟು ಶಾಖದ ಲೆಕ್ಕ ಹಾಕಿ.

ಮೂಲರೂಪ ಪ್ರೇಮಿ:
ಈ ಲೆಕ್ಕವೇ ಬೇಕಿರಲಿಲ್ಲ. 1954ರಲ್ಲಿ ಆರಂಭವಾದ ಟಾಟಾ-ಬೆಂಜ್ ಒಪ್ಪಂದ 1969ರಲ್ಲಿ ಮುಗಿಯಿತು. ಮೂರು ಮೊನೆಯ ನಕ್ಷತ್ರ ಹೊತ್ತ ಆ ಲಾರಿಗಳಲ್ಲಿ ಉಳಿದಿರುವವು ಕೆಲವೇ. ಎರಕದ ಬ್ಲಾಕಿನ ಬಿರುಕನ್ನು ಬಿಸಿ ಮಾಡದೆ ಲೋಹದ ಹೊಲಿಗೆ ಹಾಕಿ ಸರಿಪಡಿಸಬಹುದಿತ್ತು. 2021ರ ವಿಂಟೇಜ್ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿದ್ದರೆ ಸಾಲದು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆ ಬಾಗಿಲನ್ನು ನೀವೇ ಮುಚ್ಚಿಕೊಂಡಿರಿ.

ಸಾಗರದ ನಾಟಾ ಲಾರಿ:
ಆ ನಿಯಮ ಇರುವುದು ಸ್ವಂತ ಬಳಕೆಯ ಗಾಡಿಗಳಿಗೆ. ಇದು ಸರಕು ಸಾಗಿಸಿದ ಲಾರಿ. ನನಗೆ ಇದು ಓಡಬೇಕು, ಶೆಡ್ಡಿನಲ್ಲಿ ನಿಂತು ಹೊಳೆಯಬೇಕಿಲ್ಲ.

ಮೂಲರೂಪ ಪ್ರೇಮಿ:
‘ಓಡಬೇಕು’ ಎನ್ನುವುದಾದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ಆರ್‌ಸಿಯಲ್ಲಿರುವ ಎಂಜಿನ್ ಬೇರೆ, ಬಾನೆಟ್ಟಿನ ಕೆಳಗಿರುವುದು ಬೇರೆ ಎಂದಾದರೆ ಆರ್‌ಟಿಒ ಒಪ್ಪಿಗೆಯಿಲ್ಲದೆ ರಸ್ತೆಗೆ ಇಳಿಸುವಂತಿಲ್ಲ.

ಘಾಟಿ ಚಾಲಕ:
ಕಾನೂನು ಆಮೇಲೆ ನೋಡೋಣ. ಫಿಟ್ಟರ್ ಸಾಹೇಬರು ಆಗುಂಬೆಯ ಜುಲೈ ಬೆಳಗಿನ ಮಾತಾಡಿದರು. ಆಗುಂಬೆ ಘಾಟಿಯಲ್ಲಿ ಭಾರಿ ವಾಹನಕ್ಕೆ ಪ್ರವೇಶವೇ ಇಲ್ಲ! ಹುಲಿಕಲ್ ಹತ್ತದವರು ಹುಲಿಕಲ್ ಬಗ್ಗೆ ತೀರ್ಪು ಕೊಡಬಾರದು.

ಭದ್ರಾವತಿ ಫಿಟ್ಟರ್:
ಚಳಿ ಘಾಟಿಯ ಹೆಸರು ಕೇಳಿ ಬರುತ್ತದೆಯೇ? ಹೊಸನಗರದಲ್ಲೂ ಅದೇ ಮಳೆ, ಅದೇ ಚಳಿ. ನನ್ನ ಮಾತಿನಲ್ಲಿ ಊರಿನ ಹೆಸರು ಹಿಡಿದುಕೊಂಡು ಬೈಪಾಸ್ ವಿಷಯ ನುಂಗಿದಿರಿ. ನೀರಿನ ವಿಷಯಕ್ಕೂ ಉತ್ತರ ಕೊಡಿ. ಇಂಥ ಗಾಡಿಗಳಿಗೆ ಕೂಲಂಟ್ ಹಾಕುತ್ತೀರೋ, ಹಳ್ಳದ ನೀರು ಹಾಕುತ್ತೀರೋ?

ಘಾಟಿ ಚಾಲಕ:
ಒರತೆ ನೀರು. ಬಯಲುಸೀಮೆಯ ಬೋರ್‌ವೆಲ್ ನೀರಿನಂತೆ ನಮ್ಮ ನೀರು ಗಡಸಲ್ಲ, ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವುದಿಲ್ಲ. ಶಾಖ ಹೊರುವುದರಲ್ಲಿಯೂ ಕೂಲಂಟ್ ಬೆರೆತ ನೀರಿಗಿಂತ ಶುದ್ಧ ನೀರೇ ಮೇಲು. ಇದನ್ನು ನೀವು ಅಲ್ಲಗಳೆಯಿರಿ ನೋಡೋಣ.

ಭದ್ರಾವತಿ ಫಿಟ್ಟರ್:
ಬಿಳಿ ಕಟ್ಟುವುದಿಲ್ಲ, ಕೆಂಪು ಕಟ್ಟುತ್ತದೆ. ಬರೀ ನೀರಿನಲ್ಲಿ ಓಡಿದ ಲಾರಿಯೊಂದರ ರೇಡಿಯೇಟರಿನ ಕೆಳಗಿನ ಟ್ಯಾಂಕಿನ ಬೆಸುಗೆ ಬಿಡಿಸಿದಾಗ ಕಾಫಿ ಗಸಿಯಂಥ ತುಕ್ಕು ಬೆರಳಿನ ಗಿಣ್ಣು ಮುಳುಗುವಷ್ಟಿತ್ತು. ತುದಿಯ ಟ್ಯೂಬುಗಳಲ್ಲಿ ತಂತಿ ಕೂಡ ತೂರಲಿಲ್ಲ. ಅರ್ಧಕ್ಕರ್ಧ ಕೂಲಂಟ್ ಬೆರೆಸಿದ ನೀರು ಒತ್ತಡವಿಲ್ಲದೆಯೂ ಸುಮಾರು 107 ಡಿಗ್ರಿಯವರೆಗೆ ಕುದಿಯುವುದಿಲ್ಲ, ತುಕ್ಕೂ ತಡೆಯುತ್ತದೆ. ಅದರ ಮೇಲೆ ಚದರ ಇಂಚಿಗೆ 7 ಪೌಂಡಿನ ಒತ್ತಡದ ಮುಚ್ಚಳ ಸರಿಯಾಗಿ ಕೂತರೆ ಇನ್ನೂ ಹತ್ತು ಡಿಗ್ರಿಗೂ ಹೆಚ್ಚು ಅವಕಾಶ ಸಿಗುತ್ತದೆ. ನಿಮ್ಮ ಗಾಡಿಗಳಲ್ಲಿ ಮುಚ್ಚಳಕ್ಕೆ ರಬ್ಬರ್ ವಾಷರ್ ಇದೆಯೇ, ಅದನ್ನು ಮೊದಲು ಹೇಳಿ.

ಹೊಸನಗರದ ಜೀಪು:
ಎಲೆಕ್ಟ್ರಿಕ್ ಫ್ಯಾನನ್ನು ಅಷ್ಟು ಹಳಿಯಬೇಡಿ. ಮಳೆಗಾಲದಲ್ಲಿ ಹಳ್ಳ ದಾಟುವಾಗ ತಿರುಗುತ್ತಿರುವ ಎಂಜಿನ್ ಫ್ಯಾನ್ ನೀರಿಗೆ ಸಿಕ್ಕಿ ರೆಕ್ಕೆ ಬಾಗಿ ಕೋರನ್ನೇ ಹರಿಯುತ್ತದೆ. ಬೆಲ್ಟ್ ಬಿಚ್ಚಿ ದಾಟಿ ಮತ್ತೆ ಹಾಕಿಕೊಳ್ಳಬೇಕು. ಎಲೆಕ್ಟ್ರಿಕ್ ಆದರೆ ಸ್ವಿಚ್ ಆರಿಸಿದರೆ ಸಾಕು.

ತೀರ್ಥಹಳ್ಳಿ ಮೆಕ್ಯಾನಿಕಲ್:
ಅದು ಜೀಪಿನ ಮಾತು. ಇಲ್ಲಿ ಪ್ರಶ್ನೆ ಲಾರಿ ಘಾಟಿ ಹತ್ತುವುದರದ್ದು.

ಸಾಗರದ ನಾಟಾ ಲಾರಿ:
ಪತ್ರಿಕೆಯ ಹಾಳೆ ಹಿಡಿದು ನೋಡಿದೆ, ಬಲ ಅಂಚಿನಲ್ಲಿ ನಿಲ್ಲಲಿಲ್ಲ. ಇಂಟರ್‌ಕೂಲರನ್ನು ಪಕ್ಕಕ್ಕೆ ಸರಿಸಿ, ರೇಡಿಯೇಟರ್ ಮುಂದಕ್ಕೆ ತಂದು, ಶ್ರೌಡ್ ಸಮೇತ ಎಂಜಿನ್ ಫ್ಯಾನ್ ಹಾಕಿಸುತ್ತೇನೆ. ಎಲೆಕ್ಟ್ರಿಕ್ ಫ್ಯಾನ್ ಒಂದನ್ನು ಮುಂದೆ ಉಳಿಸಿಕೊಳ್ಳುತ್ತೇನೆ. ಆದರೂ ನಾಲ್ಕು ಸಾಲಿನ ಕೋರ್ ತಪ್ಪು ಎಂಬುದನ್ನು ಒಪ್ಪಲಾರೆ.

ಘಾಟಿ ಚಾಲಕ:
ಥರ್ಮೋಸ್ಟಾಟ್ ತೆಗೆಸಿ ಒಮ್ಮೆ ಹತ್ತಿ ನೋಡಿ, ಆಮೇಲೆ ಶ್ರೌಡಿನ ಖರ್ಚು ಮಾಡಿ.

ಭದ್ರಾವತಿ ಫಿಟ್ಟರ್:
ತೆಗೆಸುವ ಮುನ್ನ ಅದನ್ನು ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. 80 ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಿ, ಕುದಿಯುವಷ್ಟರಲ್ಲಿ ಪೂರ್ತಿ ತೆರೆದರೆ ಅದರಲ್ಲಿ ದೋಷವಿಲ್ಲ.

ಘಾಟಿ ಚಾಲಕ:
ಪಾತ್ರೆಯಲ್ಲಿ ತೆರೆದದ್ದು ಲೋಡ್ ಹೊತ್ತು ಹುಲಿಕಲ್ ತಿರುವಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ ಎಂದು ಬರೆದುಕೊಡುತ್ತೀರಾ?