ಕಾಂಪ್‌ಯುಎಸ್‌ಎ ಮುಚ್ಚಿಹೋಗಿದ್ದು ಯಾಕೆ?

ಬನಶಂಕರಿ_ಹುಡುಗ:
ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಹಳೇ ಮೋಡೆಮ್ ಡಬ್ಬ ಸಿಕ್ಕಿತು. ಸೋದರಮಾವ 1999ರಲ್ಲಿ ಡಲ್ಲಾಸ್‌ನಿಂದ ತಂದದ್ದು. ಕಾಂಪ್‌ಯುಎಸ್‌ಎ ಅಂದರೆ ಅಮೆರಿಕದ ಕಂಪ್ಯೂಟರ್ ಅಂಗಡಿಗಳ ಸರಣಿ, ಅದರ ಬೆಲೆ ಚೀಟಿ ಇನ್ನೂ ಅಂಟಿಕೊಂಡಿದೆ. ಒಂದು ಬದಿಯಲ್ಲಿ ಮಾತ್ರ ಚೌಕಾಕಾರವಾಗಿ ರಟ್ಟು ಕತ್ತರಿಸಿ ತೆಗೆದಿದ್ದಾರೆ, ಯಾಕೋ ಗೊತ್ತಿಲ್ಲ. ಅಷ್ಟು ದೊಡ್ಡ ಅಂಗಡಿ ಹೇಗೆ ಮುಳುಗಿತು? ನಮ್ಮ ಬೆಂಗಳೂರಿನ ಎಸ್‌ಪಿ ರೋಡ್‌ನ ಪುಟ್ಟ ಕಂಪ್ಯೂಟರ್ ಅಂಗಡಿಗಳು ಇನ್ನೂ ನಡೀತಿವೆ ಅಲ್ವಾ?

ಹಳೇ_ಪಿಸಿ:
ಆ ಚೌಕ ರಿಬೇಟ್‌ಗೆ, ಅಂದರೆ ಕೊಟ್ಟ ಬೆಲೆಯಲ್ಲಿ ಒಂದಿಷ್ಟು ವಾಪಸ್ ಪಡೆಯಲು, ಕತ್ತರಿಸಿದ್ದು! ಬಾರ್‌ಕೋಡ್ ತುಂಡು, ಬಿಲ್ಲಿನ ಪ್ರತಿ, ಒಂದು ಫಾರಂ, ಮೂರನ್ನೂ ಅಂಚೆಗೆ ಹಾಕಿದರೆ ಆಮೇಲೆ ಮನೆಗೆ ಚೆಕ್ ಬರುತ್ತಿತ್ತು. ನಾನೂ ಆಗ ಟೆಕ್ಸಾಸ್‌ನಲ್ಲಿದ್ದೆ. ಭಾನುವಾರ ಆ ಅಂಗಡಿಗೆ ಹೋದರೆ ಹೊರಗೆ ಬರಲು ಮನಸ್ಸೇ ಆಗುತ್ತಿರಲಿಲ್ಲ.

1984ರಲ್ಲಿ ಡಲ್ಲಾಸ್ ಕಡೆ ಸಾಫ್ಟ್ ವೇರ್‌ಹೌಸ್ ಅನ್ನುವ ಹೆಸರಲ್ಲಿ ಶುರುವಾಯಿತು. ಕಾಂಪ್‌ಯುಎಸ್‌ಎ ಆಗಿದ್ದು 1991ರಲ್ಲಿ. 1998ರಲ್ಲಿ ಎದುರಾಳಿ ಕಂಪ್ಯೂಟರ್ ಸಿಟಿಯನ್ನೇ ಕೊಂಡರು. 2000ದಲ್ಲಿ ಮೆಕ್ಸಿಕೋದ ಕಾರ್ಲೋಸ್ ಸ್ಲಿಮ್ ಅವರ ಕಂಪನಿ ಸುಮಾರು 80 ಕೋಟಿ ಡಾಲರ್ ಕೊಟ್ಟು ಇಡೀ ಕಾಂಪ್‌ಯುಎಸ್‌ಎಯನ್ನೇ ಕೊಂಡಿತು. ಅಲ್ಲಿಂದ ಇಳಿಮುಖ. 2007ರ ಫೆಬ್ರವರಿಯಲ್ಲಿ 126 ಅಂಗಡಿ, ಅಂದರೆ ಅರ್ಧಕ್ಕಿಂತ ಜಾಸ್ತಿ, ಮುಚ್ಚುತ್ತೇವೆ ಅಂದರು. ಡಿಸೆಂಬರ್‌ನಲ್ಲಿ ಉಳಿದದ್ದನ್ನೂ ಮುಚ್ಚುತ್ತೇವೆ ಅಂದರು. ಹೆಸರು ಮತ್ತು 16 ಅಂಗಡಿಗಳನ್ನು ಮಾತ್ರ ಸಿಸ್ಟಮ್ಯಾಕ್ಸ್ ಅನ್ನುವ ಇನ್ನೊಂದು ಕಂಪ್ಯೂಟರ್ ಮಾರಾಟ ಕಂಪನಿ ತೆಗೆದುಕೊಂಡಿತು. 2012ರಲ್ಲಿ ಅವರೂ ಆ ಹೆಸರು ಕೈಬಿಟ್ಟರು.

ನನ್ನ ಪ್ರಕಾರ ಮುಳುಗಿಸಿದ್ದು ಮಾಲು. ಕಂಪ್ಯೂಟರ್ ಬೆಲೆ ತಿಂಗಳು ತಿಂಗಳು ಇಳಿಯುವಾಗ ಮೈದಾನದಷ್ಟು ದೊಡ್ಡ ಅಂಗಡಿ ತುಂಬಾ ಪೆಟ್ಟಿಗೆ ಜೋಡಿಸಿಕೊಂಡು ಕೂತರೆ ಕೂತಲ್ಲೇ ನಷ್ಟ. ಡೆಲ್ ನೋಡಿ, ಆರ್ಡರ್ ಬಂದ ಮೇಲೆ ಜೋಡಿಸಿ ಕಳಿಸುತ್ತಿತ್ತು. ಆಪಲ್ ಕೂಡ 2001ರಿಂದ ತನ್ನದೇ ಅಂಗಡಿ ತೆರೆಯಿತು.

ಎಸ್‌ಪಿರೋಡ್_ಅಣ್ಣ:
ಮಾಲಿನ ಮಾತು ನೂರಕ್ಕೆ ನೂರು ನಿಜ ಸರ್. ನನ್ನದು ಹತ್ತಡಿ ಅಗಲದ ಅಂಗಡಿ. ಗಿರಾಕಿ ಕೇಳಿದ ರ‍್ಯಾಮ್ ನನ್ನ ಹತ್ತಿರ ಇಲ್ಲ ಅಂದರೆ ಹುಡುಗ ನಾಲ್ಕು ಅಂಗಡಿ ಆಚೆ ಓಡಿ ತರುತ್ತಾನೆ, ಲೆಕ್ಕ ಸಂಜೆಗೆ. ಇಡೀ ಬೀದಿಯೇ ನಮ್ಮ ಗೋಡೌನ್. ಆದರೆ ಉಳಿದಿದ್ದೀವಿ ಅಂತ ಸುಮ್ನೆ ಹೇಳಲಾರೆ. ಗಿರಾಕಿ ಮೊಬೈಲ್ ತೆಗೆದು ಆನ್‌ಲೈನ್ ಬೆಲೆ ತೋರಿಸಿದರೆ ಹೊಸ ಪಾರ್ಟ್‌ನಲ್ಲಿ ಲಾಭ ಏನೂ ಸಿಗಲ್ಲ. ಅಸೆಂಬ್ಲಿ, ರಿಪೇರಿ, ಹೋದ ಹಾರ್ಡ್‌ಡಿಸ್ಕ್‌ನಿಂದ ಫೋಟೋ ತೆಗೆದುಕೊಡುವುದು, ಇವೇ ನಮ್ಮ ಅನ್ನ.

ಬನಶಂಕರಿ_ಹುಡುಗ:
ಇಬ್ಬರಿಗೂ ಥ್ಯಾಂಕ್ಸ್. ಈಗಷ್ಟೇ ಮಾವನಿಗೆ ಫೋನ್ ಮಾಡಿದ್ದೆ. ಚೆಕ್ ಬಂದಿತ್ತಂತೆ, 20 ಡಾಲರ್. ಅದರಲ್ಲೇ ಅಮ್ಮನಿಗೆ ಸ್ವೆಟರ್ ತಂದಿದ್ದಂತೆ, ಅದೂ ಅದೇ ಅಟ್ಟದಲ್ಲಿ ಸಿಕ್ಕಿದೆ.